ಡ್ರಮ್ ಇಲ್ಲದ ಹಾಡು

ನಮ್ಮ ಬ್ಯಾಂಡಿನ ಹಾಡುಗಾರ ಕೋಲ್ಮನ್‌ಗೆ ಆಲೂಗಡ್ಡೆ ಬೇಯುವ ಹಬೆಯಲ್ಲೂ ದೇವರು ಕಾಣಿಸುತ್ತಾನೆ. ಕುರಿ ಕೆಮ್ಮಿದರೆ ಪಲ್ಲವಿ, ಮಂಜು ಇಳಿದರೆ ಚರಣ. "ನಿನ್ನ ಹಾಡಿಗೆ ನನ್ನ ಡ್ರಮ್ ಯಾಕೋ, ಚರ್ಚಿನ ಗಂಟೆ ಸಾಕಲ್ಲ" ಎಂದು ರೇಗಿಸಿದರೆ, "ನೀನು ಬಡಿ ಮಾರಾಯ, ದೇವರಿಗೆ ಸ್ವಲ್ಪ ಕಿವಿ ಮಂದ" ಎನ್ನುತ್ತಾನೆ. ನಮ್ಮ ಕಾನೆಮಾರಾ ಸೀಮೆಯಲ್ಲಿ ಹಳೇ ಹಾಡು ಹೇಳುವವರ ಕೈಯನ್ನು ಪಕ್ಕದವರು ಹಿಡಿದು ಮೆಲ್ಲಗೆ ತಿರುಗಿಸುತ್ತಿರುತ್ತಾರೆ. ಇವನ ಕೈ ಹಿಡಿಯುತ್ತಿದ್ದವಳು ಅವನಮ್ಮ. ಆಕೆ ತೀರಿಕೊಂಡ ಮೇಲೆ ಬರೆದದ್ದು ನಮ್ಮ ಮೊದಲ ಆಲ್ಬಮ್ಮಿನ ಕೊನೆಯ ಹಾಡು. ಡಬ್ಲಿನ್ನಿನ ಸ್ಟುಡಿಯೋದಲ್ಲಿ ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿದ, ಅಭ್ಯಾಸಬಲದಿಂದ ಕೈ ಚಾಚಿದ, ದನಿ ಹೊರಡಲಿಲ್ಲ. ನಾನು ಕೋಲು ಕೆಳಗಿಟ್ಟು ಹೋಗಿ ಆ ಕೈ ಹಿಡಿದೆ. ಆ ಹಾಡಿನಲ್ಲಿ ಡ್ರಮ್ ಬಿಟ್ಟದ್ದು ಎಂಥ ಅಧ್ಯಾತ್ಮ ಎಂದು ಪತ್ರಿಕೆಯವರು ಹೊಗಳಿದರು. ಬಡಿಯುವುದಕ್ಕೆ ನನ್ನ ಕೈ ಖಾಲಿ ಇರಲಿಲ್ಲ, ಅಷ್ಟೆ.