ವಿದ್ಯಾವತಿಯ ಇನ್ನೂರ ಹದಿನಾಲ್ಕು

ಸಿಂದಗಿಯ ನಮ್ಮ ಆಸ್ಪತ್ರೆಯಲ್ಲಿ ವಿದ್ಯಾವತಿಯ ಮೇಜು ಔಷಧಿ ಅಂಗಡಿಗೂ ರೋಗಿಗಳ ಬೆಂಚಿಗೂ ನಡುವೆ ಇತ್ತು. ತವರು ಮನಗೂಳಿ, ಓದಿದ್ದು ಬಿ.ಎಸ್ಸಿ. ಡಾಕ್ಟರು ಮಾಡಿದ ಚಿಕಿತ್ಸೆಯನ್ನು ವಿಮೆಯವರಿಗೆ ತಿಳಿಯುವ ಸಂಖ್ಯೆಯಾಗಿ ಬರೆದು ಬಿಲ್ಲು ಕಳಿಸುವುದು ಅವಳ ಕೆಲಸ. ಎರಡು ಸಾವಿರದ ಐದರ ಸುಮಾರಿಗೆ ಸಹಕಾರಿ ಸಂಘದ ಸದಸ್ಯರಿಗೆಂದು ಒಂದು ಆರೋಗ್ಯ ವಿಮೆ ಬಂತು. ಅದರ ಹಿಂದೆಯೇ ದಪ್ಪನೆಯ ಪಟ್ಟಿಯೂ ಬಂತು. ಹರ್ನಿಯಾಕ್ಕೆ ಒಂದು ಸಂಖ್ಯೆ, ಕಣ್ಣಿನ ಪೊರೆಗೆ ಇನ್ನೊಂದು, ಮುರಿದ ಮೊಣಕೈಗೆ ಮತ್ತೊಂದು. ಸ್ವಲ್ಪ ದಿನದಲ್ಲೇ ಪಟ್ಟಿ ಅವಳಿಗೆ ಬಾಯಿಪಾಠವಾಯಿತು. ಅಷ್ಟಕ್ಕೆ ನಿಲ್ಲಲಿಲ್ಲ. ಮನೆಯಲ್ಲಿ ಅತ್ತೆಯ ತಕರಾರುಗಳಿಗೂ ಸಂಖ್ಯೆ ಕೊಟ್ಟಳು. ಉಪ್ಪು ಕಡಿಮೆಯಾದದ್ದಕ್ಕೆ ಆರು, ನೆಗೆಣ್ಣಿಯ ಹೊಸ ಸೀರೆಗೆ ಒಂಬತ್ತು. ಸಂಜೆ ಗಂಡ ಚೇತನಕುಮಾರ ಬಾಗಿಲಲ್ಲೇ ನಿಂತು, "ಇವತ್ತ ಎಷ್ಟರದು?" ಎಂದು ಕೇಳುತ್ತಿದ್ದ. "ಒಂಬತ್ತು. ಸಂಗಟ ಆರೂ ಐತಿ" ಎಂದರೆ ಹಿಂದಿನ ಬಾಗಿಲಿನಿಂದ ಒಳಗೆ ಹೋಗುತ್ತಿದ್ದ.

ಪಟ್ಟಿಯಲ್ಲಿ ಅವಳಿಗೆ ಇಷ್ಟವಾದ ಭಾಗ ಕರುಳಿನದು. ಸೊಲ್ಲಾಪುರದಿಂದ ವಾರಕ್ಕೊಮ್ಮೆ ಒಬ್ಬ ದೊಡ್ಡ ಡಾಕ್ಟರು ಬಂದು ದುರ್ಬೀನು ಪರೀಕ್ಷೆ ಮಾಡುತ್ತಿದ್ದರು. ಬಾಯಿಯಿಂದ ನಳಿಗೆ ಇಳಿಸಿ ಜಠರ ನೋಡುವುದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ನಳಿಗೆ ಕೆಳಗಿನಿಂದ ಹೋಗಿ ದೊಡ್ಡಕರುಳನ್ನು ನೋಡುತ್ತದೆ. ಅದು ಕೊಲೊನೋಸ್ಕೋಪಿ. ಬರೀ ನೋಡಿ ಹೊರಬಂದರೆ ಇನ್ನೂರ ಹನ್ನೆರಡು. ನೋಡಿ, ಅನುಮಾನದ ಜಾಗದಿಂದ ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರೆ ಇನ್ನೂರ ಹದಿನಾಲ್ಕು. ಒಂದೇ ಪರೀಕ್ಷೆಗೆ ಎರಡೂ ಸಂಖ್ಯೆ ಬರೆಯುವಂತಿಲ್ಲ. ನೋಡದೆ ಯಾರೂ ಚೂರು ತೆಗೆಯುವುದಿಲ್ಲ, ಆದ್ದರಿಂದ ದೊಡ್ಡದರೊಳಗೆ ಚಿಕ್ಕದು ಸೇರಿಯೇ ಇರುತ್ತದೆ. ಎಷ್ಟು ಚೂರು ತೆಗೆದರೂ ಸಂಖ್ಯೆ ಒಂದೇ. ಈ ನಿಯಮವನ್ನು ಅವಳು ಎಷ್ಟು ಸಂತೋಷದಿಂದ ವಿವರಿಸುತ್ತಿದ್ದಳೆಂದರೆ, ಚಹಾದ ಹೊತ್ತಿನಲ್ಲಿ ನರ್ಸ್ ಸುಗ್ರಾ ಲೋಟ ಹಿಡಿದುಕೊಂಡು ಬೇರೆ ಕೋಣೆಗೆ ಹೋಗುತ್ತಿದ್ದಳು.

ಕನ್ನೊಳ್ಳಿಯ ರೇವಪ್ಪ ಹೆಂಡತಿ ಸಿದ್ದಲಿಂಗವ್ವನ ಜೊತೆ ಬಂದದ್ದು ಆಗಲೇ. ತೊಗರಿ, ಕಬ್ಬು ಬೆಳೆಯುವ ದೊಡ್ಡ ಒಕ್ಕಲುತನ. ಊರಲ್ಲಿ ಪಂಚಾಯಿತಿ ಸೇರಿದರೆ ಮೊದಲ ಮಾತು ಅವನದೇ. ಕೆಲವು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿತ್ತು. ಡಾಕ್ಟರು ಕೊಲೊನೋಸ್ಕೋಪಿಗೆ, ಅನುಮಾನ ಕಂಡರೆ ಬಯಾಪ್ಸಿಗೂ ಬರೆದುಕೊಟ್ಟರು. ರೇವಪ್ಪ ಚೀಟಿ ಹಿಡಿದು ವಿದ್ಯಾವತಿಯ ಮೇಜಿಗೆ ಬಂದು, ಅಕ್ಕಪಕ್ಕ ನೋಡಿ, ಬಗ್ಗಿದ.

"ತಂಗಿ, ಇದರಾಗ ಬಾಯಿಂದ ಅಂತ ಬರಿ."

"ಬಾಯಿಂದ ಮಾಡೂದಿಲ್ಲಲ್ರಿ ಕಾಕಾ."

"ಮಾಡೂದು ಎಲ್ಲಿಂದರ ಮಾಡ್ಲಿ. ಬರಿಯೂದು ಬಾಯಿಂದ ಬರಿ."

"ಹಂಗ ಬರದ್ರ ಕರುಳಿನ ಚೂರು ಬಾಯಾಗಿಂದ ಹೆಂಗ ಬಂತು ಅಂತ ಅವರು ಕೇಳ್ತಾರ. ಸುಳ್ಳು ಬಿಲ್ಲು ಆಗ್ತದ್ರಿ."

ಅವನ ಅಂಜಿಕೆಗೆ ಕಾರಣವಿತ್ತು. ಹಿಂದೊಮ್ಮೆ ಯಾರೋ ಸತ್ತವನ ಹೆಸರಿನಲ್ಲಿ ಆಪರೇಷನ್ ಮಾಡಿಸಿದ್ದರು, ಕಾಗದದ ಮೇಲೆ. ಆಮೇಲೆ ಸಂಘದವರು ಒಂದು ಪದ್ಧತಿ ಮಾಡಿದರು. ತಿಂಗಳ ಸಭೆಯಲ್ಲಿ, ಗೊಬ್ಬರದ ಚೀಲಗಳ ನಡುವೆ ಕುಳಿತು, ಕಾರ್ಯದರ್ಶಿ ಕಾಸಿಂಸಾಬ ಪ್ರತಿ ಸದಸ್ಯನ ಹೆಸರು, ಊರು, ಆದ ಚಿಕಿತ್ಸೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಅದೇ ಊರಿನವರು ಇಬ್ಬರು "ಹೌದು" ಎನ್ನಬೇಕು. ಕಾಸಿಂಸಾಬನ ದನಿ ಸಣ್ಣದಲ್ಲ. ಎದುರಿನ ಚಹಾದಂಗಡಿಯವರೂ ಕೆಲವೊಮ್ಮೆ "ಹೌದು" ಎಂದುಬಿಡುತ್ತಿದ್ದರು.

"ಆ ಸಭಾದಾಗ ಸಿದ್ದರಾಯ ಕುಂತಿರ್ತಾನ" ಎಂದ ರೇವಪ್ಪ. ಅದೇ ಊರಿನ ಸಿದ್ದರಾಯ ಅವನ ಎದುರಾಳಿ. ಒಬ್ಬ ಹೊಸ ಪಂಪು ಹಾಕಿಸಿದರೆ ಇನ್ನೊಬ್ಬ ಅದಕ್ಕಿಂತ ದೊಡ್ಡದು ಹಾಕಿಸುವಷ್ಟು ಪೈಪೋಟಿ. "ಅವ ಕೇಳಿದನಂದ್ರ ನಾ ಊರಾಗ ಪಟಕಾ ಸುತ್ತಿ ಅಡ್ಡಾಡೂದು ಮುಗೀತು. ಬ್ಯಾಡ ಬಿಡು. ನಾ ಮಾಡಿಸೂದ ಇಲ್ಲ."

ಸಿದ್ದಲಿಂಗವ್ವ ಬೆಂಚಿನಿಂದಲೇ ಹೇಳಿದಳು: "ಮಾಡಿಸಬ್ಯಾಡ್ರಿ. ಮಾನ ತಗೊಂಡು ಮ್ಯಾಲ ಹೋಗ್ರಿ. ನಾ ಇಲ್ಲೆ ಕುಂತು ಹೌದು ಅಂತೇನಿ."

ಅವನು ಚೀಟಿ ಮಡಚಿ ಜೇಬಿಗೆ ಹಾಕಿ ಎದ್ದೇಬಿಟ್ಟಿದ್ದ. ವಿದ್ಯಾವತಿ, "ಒಂದ ನಿಮಿಷ ತಡೀರಿ" ಎಂದು ವಿಮೆ ಕಚೇರಿಗೆ ಫೋನು ಮಾಡಿದಳು. ಚಿಕಿತ್ಸೆಯ ಹೆಸರು ಬರೆಯದೆ ಸಂಖ್ಯೆ ಮಾತ್ರ ಬರೆದರೆ ನಡೆಯುತ್ತದೆಯೇ ಎಂದು ಕೇಳಿದಳು. ಆ ಕಡೆಯವನು, ಇಲ್ಲಿ ಸಂಖ್ಯೆಯನ್ನಷ್ಟೇ ನೋಡುತ್ತೇವೆ, ಹೆಸರನ್ನು ಇವತ್ತಿನವರೆಗೆ ಯಾರೂ ಓದಿಲ್ಲ ಎಂದ. ಅವಳು ಅಷ್ಟು ದಿನ ದುಂಡಗೆ ಬರೆದ ಹೆಸರುಗಳನ್ನೆಲ್ಲ ನೆನೆಯುತ್ತಾ ಫೋನು ಕೆಳಗಿಟ್ಟಳು. ಸಭೆಯಲ್ಲಿ ಓದುವುದೂ ಅದೇ ಬಿಲ್ಲನ್ನು, ಸಂಖ್ಯೆಯ ಅರ್ಥ ಹೇಳುವ ಪಟ್ಟಿ ಮಾತ್ರ ಸಂಘದವರ ಹತ್ತಿರ ಇರಲಿಲ್ಲ. ರೇವಪ್ಪ ಮತ್ತೆ ಕುಳಿತ.

ಪರೀಕ್ಷೆ ಆಯಿತು. ಕರುಳಿನಲ್ಲಿ ಹುಣ್ಣು ಕಂಡು ಎರಡು ಕಡೆ ಚೂರು ತೆಗೆದರು. ವರದಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಹಳೆಯ ಆಮಶಂಕೆ. ಮಾತ್ರೆಗೆ ವಾಸಿಯಾಯಿತು.

ತಿಂಗಳ ಸಭೆಯಲ್ಲಿ ಕಾಸಿಂಸಾಬ ಓದಿದ: "ರೇವಪ್ಪ, ಕನ್ನೊಳ್ಳಿ. ಇನ್ನೂರ ಹದಿನಾಲ್ಕು."

ಇಬ್ಬರು "ಹೌದು" ಎಂದರು. ಏನಕ್ಕೆ ಹೌದು ಎಂದೆವೆಂದು ಅವರಿಗೆ ಗೊತ್ತಿರಲಿಲ್ಲ. ಸಿದ್ದರಾಯ ಕೇಳಿದ: "ಇನ್ನೂರ ಹದಿನಾಲ್ಕು ಅಂದ್ರ ಏನಪಾ ಅದು?"

ರೇವಪ್ಪ ಪಟಕಾ ಸರಿಮಾಡಿಕೊಂಡ. "ಸೊಲ್ಲಾಪುರದ ಡಾಕ್ಟರ ಬಂದು ಮಾಡ್ತಾರ. ಟಿವಿಯಾಗ ತೋರಿಸ್ತಾರ. ಎಲ್ಲಾರಿಗಿ ಮಾಡೂದಿಲ್ಲ."

ಇದರಲ್ಲಿ ಒಂದು ಮಾತೂ ಸುಳ್ಳಲ್ಲ.

ಮರುವಾರ ಸಿದ್ದರಾಯ ಇಸ್ತ್ರಿ ಮಾಡಿದ ಧೋತರ ಉಟ್ಟು ವಿದ್ಯಾವತಿಯ ಎದುರು ನಿಂತಿದ್ದ. "ಮೇಡಮ್ಮಾರ, ನನಗೂ ಒಂದು ಇನ್ನೂರ ಹದಿನಾಲ್ಕು ಮಾಡ್ರಿ."

"ಇದು ಖಾನಾವಳಿ ಅಲ್ರಿ ಕಾಕಾ. ಡಾಕ್ಟರ್‌ಗೆ ಭೆಟ್ಟಿ ಆಗ್ರಿ."

"ರೇವಪ್ಪಗ ಮಾಡೀರಲ್ಲ?"

"ಅವರ ವಿಷಯ ನಾ ಹೇಳೂದಿಲ್ರಿ."

ಒಳಗೆ ಡಾಕ್ಟರು ನಾಲ್ಕು ಪ್ರಶ್ನೆ ಕೇಳಿದರು. ನಾಲ್ಕನೆಯದಕ್ಕೆ ಸಿದ್ದರಾಯ ತಲೆ ತಗ್ಗಿಸಿದ. ಅವನಿಗೂ ರಕ್ತ ಹೋಗುತ್ತಿತ್ತು, ವರ್ಷದಿಂದ. ಯಾರಿಗೂ ಹೇಳದೆ ಬರೀ ಮಜ್ಜಿಗೆ ಕುಡಿದುಕೊಂಡಿದ್ದ. ಡಾಕ್ಟರು ಪರೀಕ್ಷೆಗೆ ಬರೆದರು. ವಿದ್ಯಾವತಿ ಅವನನ್ನು ಪಕ್ಕಕ್ಕೆ ಕರೆದು ಏನು ಮಾಡುತ್ತಾರೆ, ಎಲ್ಲಿಂದ ಮಾಡುತ್ತಾರೆ, ಹಿಂದಿನ ದಿನ ಔಷಧಿಯ ಪುಡಿ ನೀರಿಗೆ ಕಲಸಿ ಕುಡಿದು ಹೊಟ್ಟೆ ಹೇಗೆ ತೊಳೆದುಕೊಳ್ಳಬೇಕು ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ಸಿದ್ದರಾಯನ ಮುಖ ಮೊದಲು ಕಪ್ಪಾಯಿತು. ಆಮೇಲೆ ನಿಧಾನವಾಗಿ ಅರಳಿತು.

"ಅಂದ್ರ ರೇವಪ್ಪಗೂ ಹಿಂಗ..."

"ನಾ ಏನೂ ಹೇಳಿಲ್ರಿ."

"ನೀವು ಹೇಳಬ್ಯಾಡ್ರಿ. ಮುಂದಿನ ಸಭಾದಾಗ ನಾ ಹೇಳ್ತೇನಿ." ಅವನು ನಗುತ್ತಲೇ ಬಸ್‌ಸ್ಟ್ಯಾಂಡಿನ ಕಡೆ ಹೋದ. ವಿದ್ಯಾವತಿ ಒಂದು ಸಂಖ್ಯೆಯ ಹಿಂದೆ ಒಬ್ಬ ಮನುಷ್ಯನನ್ನು ಅಡಗಿಸಿಟ್ಟಿದ್ದಳು. ಸಿದ್ದರಾಯ ಅಲ್ಲಿಗೂ ಬಂದು ಇಣುಕಿದ್ದ.

ಸಿದ್ದರಾಯನ ಪರೀಕ್ಷೆಯಲ್ಲಿ ಮೂಲವ್ಯಾಧಿ ಬಿಟ್ಟರೆ ಬೇರೇನೂ ಕಾಣಲಿಲ್ಲ. ಚೂರು ತೆಗೆಯುವ ಅಗತ್ಯವೇ ಬೀಳಲಿಲ್ಲ. ಬಿಲ್ಲು ನೋಡಿ ಅವನು ಕೆಂಪಾದ.

"ಇನ್ನೂರ ಹನ್ನೆರಡು? ಅವಗ ಹದಿನಾಲ್ಕು, ನನಗ ಹನ್ನೆರಡಾ?"

"ನಿಮ್ಮ ಚೂರು ತಗದಿಲ್ರಿ, ಅದಕ್ಕ."

"ತಗೀರಿ ಮತ್ತ. ನಾ ಏನು ಬ್ಯಾಡ ಅಂದೇನೇನು?"

"ಚಲೋ ಇರೂ ಕರುಳು ಯಾಕ ಕಡೀಬೇಕ್ರಿ?"

"ಹಂಗಾರ ಹನ್ನೆರಡು ಎರಡು ಸಲ ಬರೀರಿ. ಇಪ್ಪತ್ನಾಕು ಆಗ್ತದ."

ವಿದ್ಯಾವತಿ ನಗಲಿಲ್ಲ. ಆ ದಿನ ಅವಳು ಮಾಡಿದ ಕಷ್ಟದ ಕೆಲಸ ಅದೊಂದೇ.

ಸಭೆಯ ದಿನ ವಿಮೆಯ ಕಾಗದ ಕೊಡುವ ನೆಪದಲ್ಲಿ ಅವಳೂ ಸಂಘಕ್ಕೆ ಹೋದಳು. ಕಾಸಿಂಸಾಬ ಓದಿದ: "ಸಿದ್ದರಾಯ, ಕನ್ನೊಳ್ಳಿ. ಇನ್ನೂರ ಹನ್ನೆರಡು."

"ರೇವಪ್ಪನಕಿಂತ ಎರಡು ಕಡಿಮಿ ಬಿತ್ತಲ್ಲೊ" ಎಂದ ಹಿಂದಿನಿಂದ ಒಬ್ಬ.

ಸಿದ್ದರಾಯ ಎದ್ದು ನಿಂತ. "ಕಡಿಮಿ ಅಲ್ಲ. ಈ ಇನ್ನೂರ ಹದಿನಾಲ್ಕು ಅಂದ್ರ ಏನು ಅಂತ ನಾ ಹೇಳ್ತೇನಿ ಕೇಳ್ರಿ."

ರೇವಪ್ಪ ನೆಲ ನೋಡಿದ.

"ಹೇಳಪಾ. ಹಂಗ ನಿಂದೂ ಬಿಡಿಸಿ ಹೇಳು" ಎಂದ ಕಾಸಿಂಸಾಬ.

ಸಿದ್ದರಾಯನ ಬಾಯಿ ತೆರೆದದ್ದು ತೆರೆದೇ ಇತ್ತು. ಎಲ್ಲರೂ ಕಾದರು. ಕೊನೆಗೆ ಅವನು, "ಹದಿನಾಲ್ಕಕ್ಕ ಧೈರ್ಯ ಬೇಕು. ಹನ್ನೆರಡಕ್ಕೂ ಬೇಕು" ಎಂದು ಹೇಳಿ ಕುಳಿತ.

"ಹೌದು" ಎಂದ ರೇವಪ್ಪ. ಇನ್ನೊಬ್ಬ ಸಾಕ್ಷಿ ಬಾಯಿ ತೆರೆಯುವ ಮೊದಲೇ ಅವನೇ ಮತ್ತೊಮ್ಮೆ "ಹೌದು" ಎಂದ.

ಸುಗ್ಗಿಯ ನಂತರ ಒಂದು ದಿನ ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಬಂದರು. ನಡುವೆ ಕುರಿ ಕಾಯುವ ಅಮಸಿದ್ದ. ಒಂದೊಂದು ರಟ್ಟೆ ಒಬ್ಬೊಬ್ಬರ ಕೈಯಲ್ಲಿ.

"ಏನಾಗೈತಿ ನಿನಗ?" ಎಂದಳು ವಿದ್ಯಾವತಿ.

"ನನಗೇನ ಗೊತ್ರಿ ಅಕ್ಕಾರ. ರಗತ ಹೋಗ್ತದ ಅಂತ ಬಾವಿ ಕಟ್ಟಿ ಮ್ಯಾಲ ಒಂದ ಮಾತು ಅಂದೆ. ಇವರಿಬ್ರೂ ಜೀಪಿನ್ಯಾಗ ಹಾಕ್ಕೊಂಡ ಬಂದ್ರು."

ಡಾಕ್ಟರು ನೋಡಿ ಪರೀಕ್ಷೆಗೆ ಬರೆದರು. ರೇವಪ್ಪ ಪುಡಿಯ ಪೊಟ್ಟಣ ಕೈಯಲ್ಲಿ ಹಿಡಿದು, "ಮೊದಲ ಇದನ್ನ ಕುಡಿ, ಆಮ್ಯಾಲ ಎಲ್ಲಾ ಹೇಳ್ತೇವಿ" ಎಂದ. ವಿದ್ಯಾವತಿ ಪೊಟ್ಟಣ ಕಸಿದುಕೊಂಡಳು.

"ಮೊದಲ ಹೇಳ್ರಿ ಕಾಕಾ. ಅವ ಹೂಂ ಅಂದ ಮ್ಯಾಲ ಕುಡಿಸ್ರಿ."

ರೇವಪ್ಪ ಸಿದ್ದರಾಯನನ್ನು ನೋಡಿದ. ಸಿದ್ದರಾಯ ಫ್ಯಾನು ನೋಡಿದ. ಬೆಂಚಿನ ತುಂಬ ಜನ. ರೇವಪ್ಪ ಪಟಕಾ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಪಂಚಾಯಿತಿಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದ: "ಕೆಳಗಿಂದ ನಳಿಗಿ ಹಾಕಿ ಕರುಳು ನೋಡ್ತಾರಪಾ. ಅಂಜಬ್ಯಾಡ. ನನಗೂ ಹಂಗ ಮಾಡ್ಯಾರ."

ಅಮಸಿದ್ದ ಇಬ್ಬರ ಮುಖವನ್ನೂ ಸರದಿಯಾಗಿ ನೋಡಿದ.

"ಇಷ್ಟ ಏನ್ರಿ? ಕುರಿ ಮೇವು ಬಿಟ್ಟರ ನಾವು ಮೊದಲ ನೋಡೂದ ಬಾಲಾ ಎತ್ತಿ. ನೀವು ಇಷ್ಟು ದಿನ ಯಾವ ಕಡಿ ನೋಡಾಕತ್ತಿದ್ರಿ?"