ಅಪ್ಪ ತಂದುಕೊಟ್ಟ ಬೆಚ್ಚನೆಯ ಹಾಲು

ಮಿರಜಿನ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಬಂದು ಹೋಗುವ ಜ್ವರ, ಸೊಂಟನೋವು ಎಂದು ತಿಂಗಳುಗಟ್ಟಲೆ ನರಳಿ ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ, “ಹಸಿ ಹಾಲು ಕುಡೀತೀರೇನ್ರಿ?” ಅದು ಡಾಕ್ಟರರು ಕೇಳಬೇಕಾದದ್ದು. ಆದರೆ ಬಾಯಿ ಮುಚ್ಚಿಕೊಂಡು ಸೂಜಿ ಚುಚ್ಚುವುದು ನನಗೆ ಬರುವುದಿಲ್ಲ.

ಎರಡು ಸಲ ಗರ್ಭ ಹೋಗಿ, ಮದುವೆಯಾದ ಎಂಟನೆಯ ವರ್ಷಕ್ಕೆ ಮತ್ತೆ ಬಸುರಿಯಾದೆ. ಸೀಮಂತದ ಕುಬಸ ಮಾಡಿ ಅಪ್ಪ ಅವ್ವ ತವರೂರು ಸಲಗರೆಗೆ ಕರೆದುಕೊಂಡು ಬಂದರು. ಅಪ್ಪ ಮಾತು ಕಡಿಮೆಯ ಮನುಷ್ಯ. ಅವರ ಪ್ರೀತಿ ಏನಿದ್ದರೂ ಎಮ್ಮೆ ಹಿಂಡಿ ತೋರಿಸುವಂಥದು. ಮೊದಲ ಬೆಳಿಗ್ಗೆಯೇ ನೊರೆ ತುಂಬಿದ ಲೋಟ ಮುಂದೆ ಹಿಡಿದರು.

“ಕುದಿಸಿದ್ದರ ಕೊಡ್ರಿ. ಇಲ್ಲಾಂದ್ರ ಒಲ್ಲೆ.”

“ಕುದಿಸಿದರ ಕಸುವು ಎಲ್ಲಿ ಉಳೀತೈತಿ? ನಿಮ್ಮವ್ವ ಮೂರು ಹಡದ್ಲು. ಮೂರೂ ಸಲ ಇದನ್ನ ಕುಡದಾಳ.”

“ಆಕಿ ಕುಡದಾಳ. ನಾ ಕುಡ್ಯಾಂಗಿಲ್ಲ.”

ಎಮ್ಮೆಗೆ ಕಂದು ರೋಗ, ಅಂದರೆ ಬ್ರುಸೆಲ್ಲಾ, ಇದ್ದರೆ ಅದರ ಕ್ರಿಮಿ ಹಾಲಿನಲ್ಲೂ ಇರುತ್ತದೆ, ಎಮ್ಮೆ ಗರ್ಭ ಕಳೆದುಕೊಳ್ಳುವ ಹಾಗೆ ಬಸುರಿ ಹೆಂಗಸೂ ಕಳೆದುಕೊಳ್ಳಬಹುದು, ಕುದಿಸಿದರೆ ಸಾಕು, ಆ ಕ್ರಿಮಿ ಸಾಯುತ್ತದೆ ಎಂದು ಬಿಡಿಸಿ ಹೇಳಿದೆ. ಅಪ್ಪ ಎಲ್ಲ ಕೇಳಿ, ಆ ಲೋಟವನ್ನು ನನ್ನೆದುರೇ ಗಟಗಟ ಕುಡಿದು ಹೊರಗೆ ಹೋದರು.

ಮರುದಿನದ ಹಾಲಿನಲ್ಲಿ ನೊರೆ ಇರಲಿಲ್ಲ. ಬೆಚ್ಚಗಿತ್ತು. ಸಕ್ಕರೆ, ಯಾಲಕ್ಕಿ ಬೇರೆ.

“ಕುದಿಸೀರೇನ್ರಿ ಅಪ್ಪಾ?”

“ಹ್ಞೂಂ.”

ಅಪ್ಪನನ್ನೂ ತಿದ್ದಿಬಿಟ್ಟೆ ಎಂದು ಹಿಗ್ಗಿದೆ. ಹೀಗೆ ಒಂಬತ್ತು ದಿನ ಕುಡಿದೆ.

ಹತ್ತನೆಯ ದಿನ ಬೇಗ ಎಚ್ಚರವಾಗಿ ಕೊಟ್ಟಿಗೆಯ ಕಡೆ ಹೋದೆ. ಅಪ್ಪ ಆಗಷ್ಟೇ ಹಿಂಡಿದ ಹಾಲನ್ನು ಬಟ್ಟೆಯಲ್ಲಿ ಸೋಸಿ, ನೊರೆ ತೆಗೆದು, ನನ್ನ ಲೋಟಕ್ಕೆ ಸುರಿಯುತ್ತಿದ್ದರು. ಆಮೇಲೆ ಜೇಬಿನಿಂದ ಯಾಲಕ್ಕಿ ಪುಡಿಯ ಪೊಟ್ಟಣ ತೆಗೆದರು. ಕೆಚ್ಚಲಿನ ಬಿಸಿಯನ್ನು ನಾನು ಒಲೆಯ ಬಿಸಿ ಎಂದು ನಂಬಿದ್ದೆ. ಒಂಬತ್ತು ದಿನದಲ್ಲಿ ಒಮ್ಮೆಯೂ ಕೆನೆ ತುಟಿಗೆ ಹತ್ತಲಿಲ್ಲವಲ್ಲ ಎಂಬುದು ಊರಿಗೆಲ್ಲ ಬುದ್ಧಿ ಹೇಳುವ ಈ ತಲೆಗೆ ಹೊಳೆದಿರಲಿಲ್ಲ.

“ನನ್ನ ಕೂಸು ಹೋದರ ಏನ್ ಮಾಡ್ತೀರಿ?” ಎಂದು ಕಿರುಚಿದೆ.

ಗದ್ದಲ ಕೇಳಿ ಓಡಿಬಂದ ಅವ್ವ ಹಣೆ ಚಚ್ಚಿಕೊಂಡಳು. “ಹಸೀದ ಕೊಟ್ರೇನ್ರಿ? ಆ ಕಡೀಗಿನ ಎಮ್ಮಿ ಹೋದ ತಿಂಗಳ ಕಂದು ಹಾಕೇತಲ್ರಿ!”

ಎಮ್ಮೆಗೆ ಗರ್ಭಪಾತವಾಗಿದ್ದನ್ನು ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಬಸುರಿಯ ಕಿವಿಗೆ ಅಂಥ ಸುದ್ದಿ ಬೀಳಬಾರದಂತೆ. ಎರಡು ಸಲ ಕಳೆದುಕೊಂಡವಳೆಂದು ಅಕ್ಕಪಕ್ಕದವರಿಗೂ ಬಾಯಿ ಬಿಡದಂತೆ ತಾಕೀತು ಮಾಡಿದ್ದರು. ನಾನು ತಿಳಿಯಲೇಬೇಕಿದ್ದ ಒಂದೇ ಒಂದು ಸಂಗತಿಯನ್ನು ನನ್ನ ಒಳ್ಳೆಯದಕ್ಕೆಂದೇ ಮುಚ್ಚಿಟ್ಟಿದ್ದರು.

ಮೊದಲ ಬಸ್ಸಿಗೇ ಮಿರಜಿಗೆ ಹೊರಟೆ. ಅಪ್ಪನನ್ನೂ ಕರೆದುಕೊಂಡು ಹೋದೆ. ಅವರಿಗೆ ಎರಡು ತಿಂಗಳಿಂದ ಜ್ವರ ಬಂದು ಹೋಗುತ್ತಿದೆ, ವಯಸ್ಸಿನ ಕಾಟವೆಂದು ಸುಮ್ಮನಿದ್ದಾರೆ ಎಂದು ಅವ್ವ ಬಾಗಿಲಲ್ಲಿ ಹೇಳಿದಳು. ಎಷ್ಟೋ ಜನರನ್ನು ವಿಚಾರಿಸುವ ನಾನು, ಕಣ್ಣೆದುರೇ ಹಸಿ ಹಾಲು ಕುಡಿದ ಅಪ್ಪನಿಗೆ ಜ್ವರ ಬರುತ್ತದೆಯೇ ಎಂದು ಕೇಳಿರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಗೆಳತಿ ಇಬ್ಬರ ರಕ್ತವನ್ನೂ ತೆಗೆದಳು. ನನ್ನದರಲ್ಲಿ ಏನೂ ಸಿಗಲಿಲ್ಲ, ಆದರೆ ಇಷ್ಟು ಬೇಗ ಗೊತ್ತಾಗುವುದಿಲ್ಲ, ಮೂರು ವಾರ ಬಿಟ್ಟು ಮತ್ತೆ ನೋಡಬೇಕು ಎಂದರು ಡಾಕ್ಟರ್. ಅಪ್ಪನಿಗೆ ಕಂದು ರೋಗ ಹತ್ತಿತ್ತು. ಆರು ವಾರ ಮಾತ್ರೆ ಬರೆದುಕೊಟ್ಟರು.

ಆ ಮೂರು ವಾರ ನಾನು ಅಪ್ಪನ ಜೊತೆ ಮಾತಾಡಲಿಲ್ಲ. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ಹೊಟ್ಟೆಯೊಳಗೆ ಕೂಸು ಸ್ವಲ್ಪ ಹೊತ್ತು ಹೊರಳದಿದ್ದರೆ ಎದ್ದು ಕೂರುತ್ತಿದ್ದೆ. ದನದ ಡಾಕ್ಟರನ್ನು ಕರೆಸಿ ಎಮ್ಮೆಗಳ ರಕ್ತ ಪರೀಕ್ಷೆಗೆ ಕೊಡಿಸಿದೆ. ಮನೆಯಲ್ಲಿ ಹಾಲು ಉಕ್ಕಿ ಬರುವತನಕ ಒಲೆಯ ಮುಂದೆ ನಾನೇ ನಿಲ್ಲುತ್ತಿದ್ದೆ.

ಎರಡನೆಯ ಪರೀಕ್ಷೆಯಲ್ಲೂ ಏನೂ ಇರಲಿಲ್ಲ. ಬಸ್ಸಿಳಿದು ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕಾಯುತ್ತಿದ್ದರು. ಕೇಳಲು ಧೈರ್ಯ ಸಾಲದೆ ನನ್ನ ಮುಖವನ್ನೇ ನೋಡಿದರು.

“ನನಗ ಏನೂ ಹತ್ತಿಲ್ರಿ ಅಪ್ಪಾ.”

ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. “ನಿನ್ನ ಪಾಲಿಂದೂ ನನಗ ಹತ್ತೇತಿ ಬಿಡವಾ. ಭಾಳ ಚಲೋ ಆತು.”

ರೋಗ ಹಾಗೆಲ್ಲ ಹಂಚಿಕೆಯಾಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಅವರ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ.