ರೇಡಿಯೇಟರ್‌ನಲ್ಲಿ ತುಪ್ಪದ ವಾಸನೆ

2024ರ ಅಕ್ಟೋಬರ್‌ನಲ್ಲಿ, ದಸರಾ ರಜೆ ಮುಗಿಯುವ ಮುಂಚಿನ ಶನಿವಾರ ಬೆಳಿಗ್ಗೆ, ನನ್ನ ತಂಗಿ ಪಾರ್ವತಿಯ ಸ್ಕೂಲ್ ವ್ಯಾನ್ ಮಾಗಡಿ ರಸ್ತೆಯಲ್ಲಿ ಬಿಸಿಯೇರಿ ನಿಂತುಹೋಯಿತು. ವ್ಯಾನಿಗೆ ಗ್ಯಾಸ್ ತುಂಬಿಸಿಕೊಂಡು ಬರಲು ಅವಳೊಬ್ಬಳೇ ಹೊರಟಿದ್ದಳು. ವ್ಯಾನ್‌ನಲ್ಲಿ ಮಕ್ಕಳಿರಲಿಲ್ಲ.

ಪಾರ್ವತಿ ಶ್ರೀಗಂಧದ ಕಾವಲ್‌ನ ಮಕ್ಕಳನ್ನು ರಾಜಾಜಿನಗರದ ಒಂದು ಶಾಲೆಗೆ ಬಿಟ್ಟು ಕರೆತರುತ್ತಾಳೆ. ಸೋಮವಾರ ಶಾಲೆ ಶುರುವಾಗುವುದಿತ್ತು. ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ಬೀದಿಯವರು. ಒಂದು ಮನೆಯವರು ಬೇರೆ ವ್ಯಾನ್ ಹಿಡಿದರೆ ಉಳಿದವರೂ ಹಿಡಿಯುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಅವಳ ಫೋನ್ ಬಂದಾಗ ನಾನು ಸ್ಕೂಟರ್‌ನಲ್ಲಿ ಹೋದೆ. ಅಷ್ಟರಲ್ಲಿ ವ್ಯಾನನ್ನು ಎಳೆದುಕೊಂಡು ಹೋಗಿ ಸುಂಕದಕಟ್ಟೆಯಲ್ಲಿರುವ ಮುನಿರಾಜು ಅವರ ಗ್ಯಾರೇಜಿಗೆ ಸೇರಿಸಿದ್ದರು. ಆ ವ್ಯಾನನ್ನು ಮೊದಲಿನಿಂದ ನೋಡಿಕೊಂಡು ಬಂದವರು ಅವರೇ.

ಎಂಜಿನ್ ತಣ್ಣಗಾದ ಮೇಲೆ ಮುನಿರಾಜು ರೇಡಿಯೇಟರ್ ಮುಚ್ಚಳ ತೆಗೆದರು. ಹಸಿರಾಗಿರಬೇಕಿದ್ದ ಕೂಲಂಟ್ ನೀರು ಹಾಲು ಬೆರೆಸಿದ ಹಾಗೆ ಬಿಳಿಚಿಕೊಂಡಿತ್ತು. ಮೇಲೆ ಜಿಡ್ಡು ತೇಲುತ್ತಿತ್ತು. ಅವರು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಗೇಜ್ ಕೂರಿಸಿ ಒತ್ತಡ ನೋಡಿದರು. ಮೊದಲೆರಡರಲ್ಲಿ ಮುಳ್ಳು ಒಂದೇ ಮಟ್ಟಕ್ಕೆ ಏರಿತು. ಮೂರನೆಯದರಲ್ಲಿ ಅರ್ಧ ದಾರಿಯಲ್ಲೇ ನಿಂತಿತು.

"ಹೆಡ್ ಗ್ಯಾಸ್ಕೆಟ್ ಹೋಗಿದೆ ಕಣಮ್ಮ," ಎಂದರು. "ನೀರು, ಆಯಿಲು, ಬೆಂಕಿ ಮೂರನ್ನೂ ಬೇರೆಬೇರೆ ಇಡೋದೇ ಅದು. ಅದು ಕಿತ್ತೋದ್ರೆ ಆಯಿಲ್ ನೀರಿಗೆ ಬರುತ್ತೆ, ಕಂಪ್ರೆಶನ್ನೂ ಬಿದ್ದೋಗುತ್ತೆ. ಎರಡೂ ಇಲ್ಲೇ ಕಾಣ್ತಾ ಇದೆಯಲ್ಲ."

"ಯಾವಾಗ ಆಗುತ್ತೆ ಅಣ್ಣ?" ಎಂದು ಪಾರ್ವತಿ ಕೇಳಿದಳು.

"ಎಂಜಿನ್ ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಕಳಿಸ್ಬೇಕು. ಇವತ್ತು ಮಧ್ಯಾಹ್ನ ಮುಚ್ಚಿಬಿಡ್ತಾರೆ, ನಾಳೆ ಭಾನುವಾರ. ಬುಧವಾರ ಅಂದ್ಕೊ."

ಪಾರ್ವತಿ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ಬಟ್ಟೆಗೆ ಒರೆಸಿ ತೋರಿಸಿದಳು. ಎಂಜಿನ್ ಆಯಿಲ್‌ನಲ್ಲಿ ನೀರಿನ ಗುರುತೇ ಇರಲಿಲ್ಲ. "ಒಂದೊಂದ್ಸಲ ಹಂಗೂ ಇರುತ್ತೆ," ಎಂದರು ಮುನಿರಾಜು.

"ಬಿಚ್ಚೋದು ಬೇಡ ಅಂತಿಲ್ಲ ಅಣ್ಣ. ಯಾಕೆ ಬಿಚ್ತೀರ ಅನ್ನೋದು ಮೊದ್ಲು ಗೊತ್ತಾಗ್ಲಿ."

"ಹಂಗಾದ್ರೆ ಸ್ಪ್ಯಾನರ್ ನೀನೇ ಹಿಡ್ಕೊ, ನಾನು ವ್ಯಾನ್ ಓಡಿಸ್ತೀನಿ," ಎಂದು ಅವರು ನಕ್ಕರು. ಆದರೆ ಬಿಚ್ಚಲು ಮುಂದಾಗಲಿಲ್ಲ.

ಅವಳು ಪಕ್ಕದಲ್ಲಿಟ್ಟಿದ್ದ ರೇಡಿಯೇಟರ್ ಮುಚ್ಚಳವನ್ನು ಕೈಗೆತ್ತಿಕೊಂಡಳು. ಅದರ ಒಳಬದಿಗೆ ಅಂಟಿದ್ದ ಜಿಡ್ಡು ಆರಿ, ಹರಳುಹರಳಾಗಿ ಹೆಪ್ಪುಗಟ್ಟಿತ್ತು. ಉಗುರಿನಲ್ಲಿ ಕೆರೆದು ಮೂಸಿದಳು. "ಅಕ್ಕ, ನೀನೊಂದ್ಸಲ ನೋಡು." ನಾನು ಮೂಸಿದೆ. ಹುಳಿನಾತ, ಅದರ ಹಿಂದೆ ತುಪ್ಪದ ವಾಸನೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಮುನಿರಾಜು ಬೆರಳಲ್ಲಿ ತಿಕ್ಕಿ ನೋಡಿ, "ಎಂಜಿನ್ ಆಯಿಲ್ ಹಿಂಗೆ ಗಟ್ಟಿ ಆಗಲ್ಲ," ಎಂದರು.

ಪಾರ್ವತಿ ಮನೆಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದಳು. ಅವಳ ಅತ್ತೆ ಗದಗಿನ ಕಡೆಯವರು.

"ಅತ್ತೆ, ಆಯುಧ ಪೂಜೆ ದಿನ ಗಾಡಿಗೆ ಏನಾದ್ರೂ ಹಾಕಿದ್ರಾ?"

"ಹೂಂ ಮತ್ತ. ಪಂಚಾಮೃತ ಹಾಕೇನಿ."

"ಎಲ್ಲಿಗೆ?"

"ನೀ ನೀರು ಹಾಕ್ತೀಯಲ್ಲ, ಆ ಬಾಯಿಗೇ. ವರ್ಷಪೂರ್ತಿ ದುಡಿಯೂ ಗಾಡಿಗೆ ಬರೇ ಕುಂಕುಮ ಹಚ್ಚಿ, ಬಾಯಿಗೆ ಏನೂ ಕೊಡಬಾರದೇನು? ಒಂದ ತಂಬಿಗಿ, ಅಷ್ಟ."

ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ ಒಂದು ವಾರದಿಂದ ರೇಡಿಯೇಟರ್‌ನಲ್ಲಿದ್ದವು. ರಜೆಯಾದ್ದರಿಂದ ವ್ಯಾನ್ ಹೆಚ್ಚು ಓಡಿರಲಿಲ್ಲ. ಶನಿವಾರ ಓಡಿದಾಗ ಹಾಲು ಒಡೆದು ಸಣ್ಣ ಕೊಳವೆಗಳಿಗೆ ಕಟ್ಟಿಕೊಂಡಿತ್ತು.

ಮುನಿರಾಜು ಫೋನಿನ ಹತ್ತಿರ ಬಂದರು. "ಅಜ್ಜಿ, ಮೂರನೇ ಸಿಲಿಂಡರ್ ಕಂಪ್ರೆಶನ್ನೂ ನೀವೇ ಇಳಿಸಿದ್ರಾ?"

"ಯಾರವಾ ಅವ? ಕೆಲಸ ಮಾಡಂತ ಹೇಳು, ಬಾಯಿ ಭಾಳ ಐತಿ," ಎಂದು ಅತ್ತೆ ಫೋನ್ ಇಟ್ಟರು.

ತಮಾಷೆಯಾಗಿ ಕೇಳಿದ್ದರೂ ಪ್ರಶ್ನೆ ಸರಿಯಾಗಿತ್ತು. ಪಂಚಾಮೃತದಿಂದ ಕೂಲಂಟ್ ಕೆಟ್ಟಿದ್ದು ನಿಜ. ಆದರೆ ಸಿಲಿಂಡರಿನ ಒತ್ತಡ ಬಿದ್ದದ್ದಕ್ಕೆ ಅದು ಉತ್ತರವಾಗಿರಲಿಲ್ಲ. ವ್ಯಾನ್ ಬಿಸಿಯೇರಿದ್ದರಿಂದ ಗ್ಯಾಸ್ಕೆಟ್ ಈಗ ಹೋಗಿರಲೂಬಹುದಿತ್ತು.

ಅದೇ ಹೊತ್ತಿಗೆ ವ್ಯಾನ್‌ನಲ್ಲಿ ಬರುವ ಒಬ್ಬ ಹುಡುಗನ ತಂದೆ ಪಾರ್ವತಿಗೆ ಫೋನ್ ಮಾಡಿದರು. ವ್ಯಾನ್ ಎಳೆದುಕೊಂಡು ಹೋಗುವುದನ್ನು ಅವರು ನೋಡಿದ್ದರು. "ಮೇಡಮ್, ಸೋಮವಾರ ಬರ್ತೀರಾ ಇಲ್ವಾ? ಗ್ಯಾರಂಟಿ ಹೇಳಿ."

"ನಾಳೆ ಸಂಜೆ ಹೇಳ್ತೀನಿ ಸಾರ್. ಈಗ್ಲೇ ಬರ್ತೀನಿ ಅಂದ್ರೆ ಸುಳ್ಳಾದ್ರೂ ಆಗ್ಬಹುದು."

"ಬರ್ತೀನಿ ಅನ್ನೋಕೇನು ಕಷ್ಟ ನಿಂಗೆ?" ಎಂದು ನಾನು ಗದರಿದೆ.

"ಮಕ್ಕಳನ್ನ ಕೂರಿಸ್ಕೊಂಡು ರೋಡಲ್ಲಿ ನಿಲ್ಲೋಳು ನಾನು ಕಣೇ ಅಕ್ಕ, ನೀನಲ್ಲ."

ಮುನಿರಾಜು ಮೂರನೇ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಗೇಜ್ ಹಾಕಿದರು. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಆ ಸಂದನ್ನು ಮುಚ್ಚಿ ಒತ್ತಡ ಏರುತ್ತದೆ. ಮುಳ್ಳು ಏರಲಿಲ್ಲ. ಉಳಿದದ್ದು ವಾಲ್ವ್, ಇಲ್ಲವೇ ಗ್ಯಾಸ್ಕೆಟ್. ವಾಲ್ವ್ ನೋಡಲು ಎಂಜಿನ್ ಪೂರ್ತಿ ತಣ್ಣಗಾಗಬೇಕಿತ್ತು. ಭಾನುವಾರ ಅವರ ಗ್ಯಾರೇಜಿಗೆ ರಜೆ. ಆದರೂ "ಬೆಳಿಗ್ಗೆ ಬನ್ನಿ, ತೆಗೀತೀನಿ," ಎಂದರು.

ಭಾನುವಾರ ಬೆಳಿಗ್ಗೆ ಅವರು ಎಂಜಿನ್‌ನ ಮೇಲಿನ ಕವರ್ ಬಿಚ್ಚಿ, ವಾಲ್ವ್‌ಗಳ ಮೇಲಿನ ಸಂದುಗಳಿಗೆ ತೆಳುವಾದ ಉಕ್ಕಿನ ಪಟ್ಟಿ ತೂರಿಸಿ ನೋಡಿದರು. ಎಲ್ಲ ಕಡೆ ಪಟ್ಟಿ ಹೋಯಿತು. ಮೂರನೇ ಸಿಲಿಂಡರಿನಿಂದ ಹೊಗೆ ಹೊರಬಿಡುವ ವಾಲ್ವ್‌ನಲ್ಲಿ ಮಾತ್ರ ಹೋಗಲಿಲ್ಲ. ಸಂದೇ ಇಲ್ಲದೆ ಆ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ಗ್ಯಾಸ್‌ನಲ್ಲಿ ಓಡುವ ಗಾಡಿಗಳಲ್ಲಿ ಹೀಗಾಗುವುದುಂಟು ಎಂದು ಹೇಳುತ್ತ ಅವರು ಸ್ಕ್ರೂ ಸಡಿಲಿಸಿ ಸಂದು ಸರಿಮಾಡಿ, ಗೇಜ್ ಹಾಕಿದರು. ಮುಳ್ಳು ಉಳಿದೆರಡರ ಹತ್ತಿರಕ್ಕೆ ಏರಿತು.

"ಆಯ್ತಲ್ಲಮ್ಮ. ಈಗಾದ್ರೂ ನಗು."

"ಗ್ಯಾಸ್ಕೆಟ್ ಇನ್ನೂ ನೋಡಿಲ್ಲ ಅಣ್ಣ."

ರೇಡಿಯೇಟರನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದರು. ಹೊರಬರುವ ನೀರಿನಲ್ಲಿ ಜಿಡ್ಡು ನಿಲ್ಲುವವರೆಗೂ ಪಾರ್ವತಿ ಬಿಡಲಿಲ್ಲ. ಕೊನೆಗೆ ಬರೀ ನೀರು ತುಂಬಿ, ಮುಚ್ಚಳ ಹಾಕದೆ ಎಂಜಿನ್ ಚಾಲೂ ಮಾಡಿದರು. ಗ್ಯಾಸ್ಕೆಟ್ ಹೋಗಿದ್ದರೆ ನೀರಿನಲ್ಲಿ ಗುಳ್ಳೆಗಳು ಏಳುತ್ತಲೇ ಇರಬೇಕು. ಮೂವರೂ ಬಗ್ಗಿ ನೋಡುತ್ತ ನಿಂತೆವು. ಶುರುವಿನಲ್ಲಿ ಒಂದೆರಡು ಗುಳ್ಳೆ ಬಂದವು. ಪಾರ್ವತಿ ನನ್ನ ಮೊಣಕೈ ಹಿಡಿದುಕೊಂಡಳು. "ಒಳಗೆ ಉಳಿದಿದ್ದ ಗಾಳಿ, ಇರು," ಎಂದರು ಮುನಿರಾಜು. ಆಮೇಲೆ ಬರಲಿಲ್ಲ.

ಮುಚ್ಚಳ ಹಾಕಿ ಕೆಂಗೇರಿಯವರೆಗೆ ಹೋಗಿ ಬಂದೆವು. ಅವಳು ಓಡಿಸಿದಳು, ನಾನು ಪಕ್ಕದಲ್ಲಿ ಕುಳಿತೆ. ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿತ್ತು. ಹಿಂತಿರುಗಿ ಎಂಜಿನ್ ಆರಿದ ಮೇಲೆ ನೋಡಿದರೆ ನೀರು ತಿಳಿಯಾಗಿತ್ತು, ಕಡಿಮೆಯೂ ಆಗಿರಲಿಲ್ಲ. ಅದನ್ನು ಬಸಿದು ಹೊಸ ಕೂಲಂಟ್ ತುಂಬಿದರು. "ವಾಲ್ವ್ ಕೂರೋ ಜಾಗ ಸವೆದಿದೆ. ಬೇಸಿಗೆ ರಜೇಲಿ ಹೆಡ್ ಬಿಚ್ಚಲೇಬೇಕು. ಅಲ್ಲೀತನಕ ಆಗಾಗ ತಂದು ತೋರಿಸು," ಎಂದು ಮುನಿರಾಜು ಹೇಳಿದರು.

ಸಂಜೆ ಪಾರ್ವತಿ ಎಲ್ಲ ಮನೆಗಳಿಗೂ ಫೋನ್ ಮಾಡಿ, ಏನಾಗಿತ್ತು, ಏನೇನು ನೋಡಿದೆವು ಎಂದು ಹೇಳಿದಳು. ಶನಿವಾರ ಕೇಳಿದ್ದ ತಂದೆ ಅಷ್ಟರಲ್ಲಿ ಬೇರೆ ವ್ಯಾನ್‌ಗೆ ಹೇಳಿಯಾಗಿತ್ತು. ಸೋಮವಾರ ಬೆಳಿಗ್ಗೆ ಆ ಹುಡುಗ ತನ್ನ ಮನೆಯ ಗೇಟಿನ ಮುಂದೆ ನಿಂತು ಇವಳಿಗೆ ಕೈಬೀಸಿದ. ಉಳಿದ ಮಕ್ಕಳೆಲ್ಲ ಹತ್ತಿದರು.

ಬೇಸಿಗೆ ರಜೆಯಲ್ಲಿ ಹೆಡ್ ಬಿಚ್ಚಿ ವಾಲ್ವ್ ಕೆಲಸ ಮುಗಿಸಿದರು. ಗ್ಯಾಸ್ಕೆಟ್ ಎಲ್ಲೂ ಕಿತ್ತಿರಲಿಲ್ಲ. ಶಾಲೆ ಮತ್ತೆ ಶುರುವಾಗುವ ವಾರ ಆ ಹುಡುಗನ ತಂದೆ ಪಾರ್ವತಿಗೆ ಫೋನ್ ಮಾಡಿ, ಮಗನನ್ನು ಮತ್ತೆ ಕಳಿಸಬಹುದೇ ಎಂದು ಕೇಳಿದರು. ಅಷ್ಟರಲ್ಲಿ ವ್ಯಾನ್‌ನಲ್ಲಿ ಸೀಟು ಖಾಲಿ ಇರಲಿಲ್ಲ.